ತಬೇಲದ ಸಾಲಿ

ಜನವರಿ ೬, ಸೋಮವಾರ

ಆದೇಶ ಬಂತು. ಏಪ್ರಿಲ್‌ಗೆ ನಮ್ಮ ಶಾಲೆ ಮುಚ್ಚುತ್ತದೆ. ಉಳಿದಿರುವ ಮಕ್ಕಳು ಜೂನ್‌ನಿಂದ ರಸ್ತೆಯಾಚೆಯ ಮರಾಠಿ ಶಾಲೆಗೆ ಹೋಗಬೇಕು. ಮುಖ್ಯೋಪಾಧ್ಯಾಯರಾದ ಭುಜಂಗ ಸರ್ ಅದನ್ನು ಗಟ್ಟಿಯಾಗಿ ಓದಿದರು, ಟೀ ತರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಪ್ರಣೀತಾ ಟೀಚರೇ, ಒಂದು ಸಣ್ಣ ಪುಸ್ತಕ ಮಾಡುವ. ಶಾಲೆ ಹೇಗೆ ಶುರುವಾಯಿತು, ಯಾರು ಕಲಿಸಿದರು, ಯಾರೆಲ್ಲ ಕಲಿತು ಹೋದರು. ಕಡೇ ದಿನ ಹಳೇ ವಿದ್ಯಾರ್ಥಿಗಳನ್ನು ಕರೆದು ಓದುವ. ನೀವೇ ಬರೀಬೇಕು.”

“ನಾನು ಬಂದದ್ದು ಮೊನ್ನೆ ಮೊನ್ನೆ ಸರ್. ನನಗೆಂತ ಗೊತ್ತುಂಟು?”

“ಗೊತ್ತಿದ್ದವರು ಯಾರೂ ಇಲ್ಲ ಮಾರಾಯ್ತಿ. ದಾಖಲೆ ಎಲ್ಲ ಎರಡು ಸಾವಿರದ ಐದರ ನೆರೆಯಲ್ಲಿ ಹೋಯಿತು. ಇನ್ನು ಜನರನ್ನೇ ಹುಡುಕಿ ಕೇಳಬೇಕು.”

ಒಪ್ಪಿಕೊಂಡೆ. ಒಪ್ಪಿಕೊಂಡದ್ದಕ್ಕೆ ಈಗ ಬೇಸರ. ಐದರಿಂದ ಏಳನೇ ತರಗತಿಯವರೆಗಿನ ಪಾಲಿಕೆಯ ಕನ್ನಡ ಶಾಲೆ, ಮುಂಬಯಿ ಬಳಿಯ ಕಲ್ಯಾಣ ಪೂರ್ವದಲ್ಲಿ ನಾಲೆಯ ದಂಡೆಗೆ ಮೂರು ಕೋಣೆ, ಒಂದು ಜಗಲಿ. ಇದಕ್ಕೆಂಥ ಚರಿತ್ರೆ? ಹಿಂದೆ ಪಕ್ಕದಲ್ಲಿ ಎಮ್ಮೆಗಳ ತಬೇಲ ಇತ್ತಂತೆ. ಎಮ್ಮೆಗಳು ಹೋಗಿ ಎಷ್ಟೋ ಕಾಲವಾಗಿ ಅಲ್ಲಿ ಕಟ್ಟಡಗಳು ಎದ್ದಿದ್ದರೂ ರಿಕ್ಷಾದವರಿಗೆ ಇವತ್ತಿಗೂ ‘ತಬೇಲಾ ಸ್ಕೂಲ್’ ಎಂದರೆ ಮಾತ್ರ ತಿಳಿಯುವುದು.

ಸಂಜೆ ಡೊಂಬಿವಲಿಯ ಮನೆಗೆ ಬಂದು ಗಂಡ ಲತೀಶ್‌ಗೆ ಹೇಳಿದೆ. ಅವನು ವಾಶಿಯ ಆಫೀಸಿನಿಂದ ಆಗಷ್ಟೇ ಬಂದು ಸಾಕ್ಸ್ ಕಳಚುತ್ತಿದ್ದ. “ಬರಿ, ನಿನಗೆ ಬರೆಯುವುದು ಇಷ್ಟವಲ್ಲ” ಎಂದ. ನಾವಿಬ್ಬರೂ ಉಡುಪಿ ಕಡೆಯವರು, ಮನೆಯಲ್ಲಿ ತುಳು. ಮಗಳು ದಿಶಾ ಎಲ್ಲವನ್ನೂ ಅರ್ಥ ಮಾಡಿಕೊಂಡು ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಮೂರನೇ ಕ್ಲಾಸು. “ಮಮ್ಮಾ, ಸ್ಕೂಲ್ ಕೀ ಭೀ ಹಿಸ್ಟರಿ ಹೋತೀ ಹೈ ಕ್ಯಾ?” ಎಂದು ಕೇಳಿದಳು. ನನ್ನ ಪ್ರಶ್ನೆಯೂ ಅದೇ ಮಗಾ ಎಂದೆ.

ಜನವರಿ ೧೯, ಭಾನುವಾರ

ಇವತ್ತು ಭಿವಂಡಿಗೆ ಹೋಗಿದ್ದೆ. ಭುಜಂಗ ಸರ್ ಕೊಟ್ಟ ಒಂದೇ ಒಂದು ಫೋನ್ ನಂಬರು ಸೈದಪ್ಪನವರದ್ದು. ಕಲಬುರಗಿ ಕಡೆಯವರು, ದೊಡ್ಡ ಗೋದಾಮೊಂದರಲ್ಲಿ ಹಮಾಲರ ಮುಕಾದಮ, ಅಂದರೆ ಮೇಸ್ತ್ರಿ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಟ್ಟೆ ಥಾನುಗಳ ನಡುವೆ ಕುರ್ಚಿ ಹಾಕಿಕೊಂಡು, ಹೆಜ್ಜೆ ಸಪ್ಪಳದ ಮೇಲೇ ಯಾರು ಹೊರುತ್ತಿದ್ದಾರೆ, ಯಾರು ಕುಂತಿದ್ದಾರೆ ಎಂದು ಹೇಳುತ್ತಾರೆ.

“ನಮಸ್ಕಾರ, ನಾನು ಶಾಲೆಯಿಂದ ಬಂದೆ” ಎಂದೆ. ಮನುಷ್ಯ ಎದ್ದೇ ನಿಂತರು.

“ಅಕ್ಕೋರ! ಪದ್ಮಾವತಿ ಅಕ್ಕೋರ! ನಾ ಸೈದಪ್ಪ ರೀ, ಕಡೀ ಸಾಲಿನ್ಯಾಗ ಕೂಡತಿದ್ನಲ್ರಿ.”

“ಇಲ್ಲ, ನಾನು ಅವರಲ್ಲ. ಹೊಸಬಳು.”

“ಚ್ಯಾಷ್ಟಿ ಮಾಡಬ್ಯಾಡ್ರಿ. ಪರದೆ ಕಣ್ಣಿಗಿ ಬಂದದ, ಕಿವಿಗಿ ಬಂದಿಲ್ಲ. ನಮ್ಮವ್ವ ಸತ್ತಾಗ ನೀವ ಬಾಜೂಕ ಕುಂತು ಏನ ಹೇಳಿದ್ರಿ, ಅದು ಇನ್ನೂ ಇಲ್ಲೇ ಅದ.” ಕಿವಿ ಮುಟ್ಟಿ ತೋರಿಸಿದರು. “ನೆನಪದಿಲ್ಲೋ?”

ಹಮಾಲರೆಲ್ಲ ಹೊರೆ ಇಳಿಸಿ ನೋಡುತ್ತಿದ್ದರು. ನನ್ನ ಅಪ್ಪನ ವಯಸ್ಸಿನವರು ಬಗ್ಗಿ ನನ್ನ ಕಾಲು ಹುಡುಕುತ್ತಿದ್ದರು. ನನಗೆ ಏನು ಮಾಡಬೇಕೋ ತಿಳಿಯದೆ, “ಹೌದು ಸೈದಪ್ಪ, ನೆನಪಿದೆ” ಎಂದುಬಿಟ್ಟೆ.

ಆ ಮುಖದ ಖುಷಿ! ಮುಂಚೆ ಡೊಂಬಿವಲಿಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಎಂಟು ವರ್ಷ ದುಡಿದೆ. ಬಿಟ್ಟ ದಿನ ಗೇಟಿನವನೂ ತಲೆ ಎತ್ತಿ ನೋಡಿರಲಿಲ್ಲ. ನನ್ನನ್ನು ಕಂಡು ಯಾರಾದರೂ ಹೀಗೆ ಹಿಗ್ಗಿದ್ದು ನೆನಪೇ ಇಲ್ಲ.

ಆಮೇಲೆ ಸಂಜೆಯವರೆಗೆ ಮಾತು. ಹೋಟೆಲಿನಲ್ಲಿ ದುಡಿಯುವ ನಮ್ಮ ಕಡೆಯವರೂ ರೈಲ್ವೆಯಲ್ಲಿ ಖಲಾಸಿಗಳಾಗಿದ್ದ ಅವರ ಕಡೆಯವರೂ ಸೇರಿ, ತಬೇಲದ ಯಜಮಾನ ಭೈಯಾನ ಕಾಲು ಹಿಡಿದು ಹುಲ್ಲಿನ ಗೋದಾಮನ್ನು ಶಾಲೆಗೆಂದು ಕೇಳಿ ಪಡೆದರಂತೆ. ಕರುಗಳನ್ನು ಬೆದರಿಸಬಾರದು ಎಂಬುದೊಂದೇ ಅವನ ಕರಾರು. ಪಾಲಿಕೆ ವಹಿಸಿಕೊಂಡದ್ದು ಆಮೇಲೆ. ಕರಾವಳಿಯ ಮಕ್ಕಳು ಒಂದು ಕಡೆ, ಬಯಲುಸೀಮೆಯ ಮಕ್ಕಳು ಇನ್ನೊಂದು ಕಡೆ ಕೂತು ಒಬ್ಬರ ಮಾತನ್ನೊಬ್ಬರು ಆಡಿಕೊಂಡು ನಗುತ್ತಿದ್ದ ಕಾಲದಲ್ಲಿ ವಿಜಯಪುರದಿಂದ ಪದ್ಮಾವತಿ ಅಕ್ಕೋರು ಬಂದರು. ಮೊದಲ ದಿನವೇ ಎಲ್ಲರ ಬುತ್ತಿ ಅದಲುಬದಲು ಮಾಡಿ ಉಣ್ಣಿಸಿದರು.

“ನಾ ಅವತ್ತ ಮೊದಲನೇ ಸಲ ಕುಚಲಕ್ಕಿ ಅನ್ನ ತಿಂದೆ. ಉಗುಳಿದೆ. ನೀವ ಬೈಯ್ದ್ರಿ” ಎಂದು ನಕ್ಕರು.

ನಾನೂ ನಕ್ಕೆ.

ಜನವರಿ ೨೩, ಗುರುವಾರ

ಮೊದಲ ಅಧ್ಯಾಯ ಬರೆದು ಭುಜಂಗ ಸರ್‌ಗೆ ಕೊಟ್ಟಿದ್ದೆ. ಓದುತ್ತ ಓದುತ್ತ ಒಂದು ಕಡೆ ನಿಂತರು.

“ತಬೇಲದ ಕಡೆಯ ಗೋಡೆ ಬೆಳಿಗ್ಗೆ ಬೆಚ್ಚಗಿರುತ್ತಿತ್ತು, ಆಚೆಯಿಂದ ಎಮ್ಮೆಗಳು ಮೈ ಒರಗಿಸುತ್ತಿದ್ದವು, ಚಳಿಗಾಲದಲ್ಲಿ ಆ ಗೋಡೆಯ ಹತ್ತಿರ ಕೂರಲು ಮಕ್ಕಳು ಜಗಳವಾಡುತ್ತಿದ್ದರು... ಇದು ನಿಮಗೆ ಯಾರು ಹೇಳಿದ್ದು?”

“ಸೈದಪ್ಪನವರು.”

“ಒಳ್ಳೇದುಂಟು” ಎಂದರು.

ಊಟದ ಬಿಡುವಿನಲ್ಲಿ ಮೊಬೈಲಿನ ರೆಕಾರ್ಡಿಂಗ್ ಪೂರ್ತಿ ಕೇಳಿದೆ. ಗೋಡೆಯ ಮಾತೇ ಇಲ್ಲ. ಎರಡನೇ ಸಲ ಕೇಳಿದೆ, ಇಲ್ಲ. ಬಾಯಿಮಾತಿಗೆ ಟೀ ಕುಡಿಯುವಾಗ ಹೇಳಿರಬೇಕು. ಇನ್ನೊಂದು ವಿಚಿತ್ರ: ಒಂದು ಕಡೆ “ಯಾವ ವರ್ಷದಾಗ ಬಂದಿದ್ದಿಪಾ ನೀ ಸಾಲಿಗಿ?” ಎಂದು ಒಂದು ಹೆಣ್ಣು ದನಿ ಕೇಳುತ್ತದೆ. ಯಾರಪ್ಪಾ ಇದು ಎಂದುಕೊಂಡೆ. ನಾನೇ! ಅವರ ಜೊತೆ ಮಾತಾಡುತ್ತ ನನ್ನ ನಾಲಿಗೆ ಆ ಕಡೆ ತಿರುಗಿರಬೇಕು. ಸೈದಪ್ಪನವರು ಎಷ್ಟು ಸಲೀಸಾಗಿ ಉತ್ತರ ಕೊಡುತ್ತಾರೆ.

ಫೆಬ್ರವರಿ ೮, ಶನಿವಾರ

ನನ್ನ ಮೇಲೆ ನನಗೇ ಸಿಟ್ಟು ಬಂದಿದೆ.

ಮಧ್ಯಾಹ್ನ ಶಾಲೆ ಬಿಟ್ಟವಳೇ ವಾಶಿಗೆ ಹೋದೆ. ಅಲ್ಲಿನ ಸಗಟು ಮಾರುಕಟ್ಟೆಯ ಈರುಳ್ಳಿ ಮಳಿಗೆಯೊಂದನ್ನು ಅನಸೂಯಾ ಎಂಬವಳು ನೋಡಿಕೊಳ್ಳುತ್ತಾಳೆ. ಆ ದೊಡ್ಡ ಮಳೆಯ ವರ್ಷ ನಮ್ಮಲ್ಲಿ ಏಳನೇ ತರಗತಿಯಲ್ಲಿದ್ದವಳು. ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವಳು, ಅಷ್ಟೇ. ಅವಳ ಕಣ್ಣಿಗೆ ಪೊರೆ ಗಿರೆ ಏನೂ ಇಲ್ಲ. ಮೂಟೆಗಳ ನಡುವಿನಿಂದ ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಯಿಗೆ ಸೆರಗು ಹಚ್ಚಿಕೊಂಡಳು.

“ಅಕ್ಕೋರ! ನಿಮಗ ವಯಸ್ಸಾಗೂದಿಲ್ಲೇನ್ರಿ?”

ಇವಳಿಗೆ ಸರಿಯಾಗಿ ಹೇಳಿದೆ, ನಾನು ಪದ್ಮಾವತಿ ಅಲ್ಲ ಎಂದು. ನಕ್ಕಳು. ಆದರೂ ನನ್ನ ಎಡಗೈ ಎತ್ತಿ ಮಣಿಕಟ್ಟು ತಿರುಗಿಸಿ ನೋಡಿದಳು. “ಇಲ್ಲೊಂದು ಸುಟ್ಟ ಕಲಿ ಇತ್ತು ಅವರಿಗಿ, ಸ್ಟೋವ್ ಭಗ್ ಅಂದಿದ್ದು. ನಿಮಗಿಲ್ಲ ನೋಡ್ರಿ” ಎಂದಳು. ಅಷ್ಟಾದ ಮೇಲೂ ಮಾತಿನ ನಡುವೆ ‘ನೀವ’ ಎನ್ನುವುದನ್ನು ಬಿಡಲಿಲ್ಲ.

“ನಾಲಾದ ನೀರ ಒಳಗ ಬಂತು. ನಮ್ಮನ್ನೆಲ್ಲಾ ಅಟ್ಟಕ್ಕ ಹತ್ತಿಸಿದ್ರಿ. ನಿದ್ದಿ ಬಂದು ಕೆಳಗ ಬಿದ್ದಾರು ಅಂತ ಮಗ್ಗಿ ಒದರಿಸಿದ್ರಿ. ನೀರ ಇಳೀತು. ಈ ಸಾಲಿ ಇನ್ನ ಮುಚ್ಚೂದs ಅಂದ್ರು ದೊಡ್ಡವರು. ನೀವ ನಮ್ಮ ಅವ್ವಗೋಳನ್ನ ಕರಕೊಂಡು ರಾಡಿ ಬಳದ್ರಿ. ಸೋಮವಾರ ಗಂಟೀ ಹೊಡದs ಬಿಟ್ರಿ. ನೀವ ಇಲ್ಲದಿದ್ರ ಅವತ್ತs ಮುಗೀತಿತ್ತು.”

ಈ ಮಾತು ಕೇಳುತ್ತ ನನ್ನ ಕೈಯಲ್ಲಿ ಆ ರಾಡಿಯ ಜಿಗುಟು ಹತ್ತಿದಂತಾಯಿತು. ಸೀರೆಗೆ ಒರೆಸಿಕೊಂಡೆ. ನಾನು ತೊಟ್ಟಿದ್ದು ಚೂಡಿದಾರ.

ಮನೆಗೆ ಬಂದರೆ ದಿಶಾ ನವಿಲಿನ ವೇಷದಲ್ಲೇ ಸೋಫಾದ ಮೇಲೆ ನಿದ್ದೆ ಹೋಗಿದ್ದಾಳೆ. ಕೆನ್ನೆಯ ಬಣ್ಣ ಕುಶನ್‌ಗೆ ಹತ್ತಿದೆ. ಇವತ್ತು ಅವಳ ಶಾಲೆಯ ಗ್ಯಾದರಿಂಗ್, ವಾರ್ಷಿಕೋತ್ಸವ! ವೇಷಕ್ಕೆ ನಾನೇ ಗರಿ ಹೊಲಿದಿದ್ದೆ. ಬೆಳಿಗ್ಗೆ ನಾನೇ ಜಡೆ ಹಾಕಿ ಕಳಿಸಿದ್ದೆ. ಹೇಗೆ ಮರೆತೆ? ಲತೀಶ್ ಬೈಯಲಿಲ್ಲ. “ಸ್ಟೇಜ್ ಮೇಲಿಂದ ನಿನ್ನನ್ನೇ ಹುಡುಕುತ್ತಿದ್ದಳು” ಎಂದನಷ್ಟೆ.

ಫೆಬ್ರವರಿ ೧೬, ರವಿವಾರ

ಎರಡನೇ ಅಧ್ಯಾಯವೂ ಮುಗಿಯಿತು. ಕೈ ತಾನೇ ಓಡುತ್ತಿದೆ. ಕರಿಹಲಗೆಗೆ ಹಳೇ ಬ್ಯಾಟರಿ ಸೆಲ್ಲಿನ ಮಸಿ ಬಳಿಯುತ್ತಿದ್ದುದು, ಗಂಟೆಗೆ ರೈಲು ಕಂಬಿಯ ತುಂಡು ನೇತುಹಾಕಿದ್ದು, ಮಗಳನ್ನು ಶಾಲೆ ಬಿಡಿಸಲು ಬಂದ ಅಪ್ಪನಿಗೆ ನಡುರಸ್ತೆಯಲ್ಲಿ ಮಾಡಿದ ಮಂಗಳಾರತಿ. ಯಾರು ಯಾವುದನ್ನು ಹೇಳಿದರೆಂದು ಗುರುತು ಹಾಕಿಕೊಳ್ಳಬೇಕಿತ್ತು. ಈಗ ಎಲ್ಲ ಕಲಸಿಹೋಗಿದೆ.

ಲತೀಶ್ ಬಂಗುಡೆ ತಂದಿದ್ದ. ಅದರ ವಾಸನೆಗೆ ಒಳಗೆ ನಿಲ್ಲಲಾಗದೆ ಬಾಲ್ಕನಿಯಲ್ಲಿ ಕೂತೆ. ಸೆಖೆಗಿರಬೇಕು.

ಫೆಬ್ರವರಿ ೨೬, ಬುಧವಾರ

ಮಕ್ಕಳು ನನ್ನನ್ನು ಅಕ್ಕೋರ ಎಂದು ಕರೆಯಲು ಶುರು ಮಾಡಿದ್ದಾರೆ. ಮೊನ್ನೆಯವರೆಗೆ ಟೀಚರ್ ಅನ್ನುತ್ತಿದ್ದರು. ಯಾರು ಹೇಳಿಕೊಟ್ಟರೋ. ಕಿವಿಗೆ ಹಿತವಾಗಿದೆ.

ಮಣಿಕಟ್ಟಿನ ಮೇಲೊಂದು ಕಲೆ. ತವೆಗೆ ತಾಗಿಸಿಕೊಂಡಿರಬೇಕು, ಯಾವಾಗ ಎಂದು ನೆನಪಿಲ್ಲ. ಉರಿಯೇನೂ ಇಲ್ಲ, ಹಳೆಯದರಂತಿದೆ.

ಮಾರ್ಚ್ ೪, ಮಂಗಳವಾರ

ಊಟಕ್ಕೆ ಕೂತಾಗ ಲತೀಶ್ ಏನೋ ಕೇಳಿದ. ನಾನು ಉತ್ತರ ಕೊಟ್ಟೆ. ಅವನು ಚಮಚ ಕೆಳಗಿಟ್ಟ. “ನಿಕ್ಕ್ ದಾದ ಆಂಡ್?” ಎಂದ. ನನಗೇನಾಗಿದೆ ಎಂದು ಕೇಳುತ್ತಿದ್ದಾನೆಂದು ಒಂದು ಕ್ಷಣ ತಡೆದು ಅರ್ಥವಾಯಿತು.

“ಏನೂ ಆಗಿಲ್ಲ. ಯಾಕ?”

“ಒಂದು ವಾರದಿಂದ ನೀನು ತುಳು ಮಾತಾಡಿಲ್ಲ.”

ಹಾಗೇನಿಲ್ಲ. ಶಾಲೆಯಲ್ಲಿ ದಿನವಿಡೀ ಕನ್ನಡ, ಬರೆಯುವುದು ಕನ್ನಡ. ದಿಶಾ ತಟ್ಟೆಯ ಅಂಚಿನಿಂದ ನನ್ನನ್ನೇ ನೋಡುತ್ತಿದ್ದಳು. “ಪಪ್ಪಾ, ಮಮ್ಮಾ ಕೀ ಆವಾಜ್ ಬದಲ್ ಗಯೀ ಹೈ” ಎಂದಳು. ನನ್ನ ದನಿ ಬದಲಾಗಿದೆಯಂತೆ! ಸುಮ್ಮನೆ ಉಣ್ಣು ಎಂದು ಗದರಿದೆ. ಅಷ್ಟು ಗದರಬಾರದಿತ್ತು.

ಮಾರ್ಚ್ ೯, ರವಿವಾರ

ಇದನ್ನು ಈಗಲೇ ಬರೆದಿಡಬೇಕು.

ಪದ್ಮಾವತಿ ಬದುಕಿದ್ದಾರೆ. ವಿಜಯಪುರಕ್ಕೆ ಹಿಂತಿರುಗಿದರೆಂದು ಎಲ್ಲರೂ ತಿಳಿದಿದ್ದರು. ಅವರು ಇಷ್ಟೂ ವರ್ಷ ಇಲ್ಲೇ ಅಂಬರನಾಥದಲ್ಲಿ, ಹಳೇ ಶಿವಾಲಯಕ್ಕೆ ಹೋಗುವ ದಾರಿಯಲ್ಲಿ, ತಮ್ಮನ ಮನೆಯಲ್ಲಿದ್ದರು. ಭುಜಂಗ ಸರ್ ವಿಳಾಸ ಹುಡುಕಿ ಕೊಟ್ಟರು. ತಮ್ಮನ ಹೆಂಡತಿ ಗುರಮ್ಮ ಬಾಗಿಲು ತೆಗೆದರು. ಸಾಲಿಯಿಂದ ಬಂದಿದ್ದೇನೆ ಎಂದ ಕೂಡಲೇ ಅವರ ಮುಖ ಸಣ್ಣದಾಯಿತು.

“ಬರ್ರಿ, ಕೂಡ್ರಿ. ಆದ್ರ ಅವರಿಗಿ ಈಗ ಅದು ಯಾವುದೂ ತಿಳಿಯಂಗಿಲ್ಲ.”

ಕಿಟಕಿಯ ಹತ್ತಿರ ಬೆಳ್ಳನೆಯ ಕೂದಲಿನ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ಚುರುಕು ಕೈ. ನನ್ನನ್ನು ಪೂರ್ತಿ ನೋಡಿದರು.

“ಅಕ್ಕೋರೇ, ನಾನು ಕಲ್ಯಾಣದ ಶಾಲೆಯಿಂದ...”

“ಯಾವ ಸಾಲಿ? ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲವ್ವ.”

ಗುರಮ್ಮ ನನ್ನನ್ನು ಅಡಿಗೆ ಮನೆಗೆ ಕರೆದರು. “ಸಂಕ್ರಾಂತಿ ತನಕ ಬರೇ ಸಾಲಿ ಸಾಲಿ ಅಂತಿದ್ರು. ಗ್ವಾಡಿ ಮುಂದ ನಿಂತು ಹಾಜರಿ ಕರೀತಿದ್ರು. ಹಬ್ಬ ಆದ ಮ್ಯಾಲಿನ ರವಿವಾರ ಮಧ್ಯಾನ ಊಟಕ್ಕ ಕುಂತಿದ್ರು, ಅಲ್ಲೇ ಒರಸಿಧಾಂಗ ಎಲ್ಲಾ ಹೋತು. ಡಾಕ್ಟರು ಏನೂ ಇಲ್ಲ ಅಂತಾರ. ನನ್ನ ಮದವಿ ನೆನಪದ, ಪೇಟಿ ರೇಟು ನೆನಪದ, ಹೋಳಿಗಿ ಹದಾ ನೆನಪದ. ಸಾಲಿ ಒಂದs ಇಲ್ಲ. ಮ್ಯಾಲ ಈಗ ಮನ್ಯಾಗ ಮೀನ ಬೇಕಂತ್ರಿ! ಲಿಂಗಾ ಕಟ್ಟಿದ ಮಂದಿ ನಾವು.”

ನಾನು ಹೊರಡಲೆಂದು ಎದ್ದೆ. ಅಜ್ಜಿ ಅವರೆಕಾಯಿ ಬದಿಗಿಟ್ಟು ನನ್ನ ಕೈ ಹಿಡಿದರು. ಆಮೇಲೆ ಮಾತಾಡಿದ್ದು ಬೇರೆಯೇ ಮಾತು. ನಮ್ಮ ಕಡೆಯ ಮಾತು, ತುಳು.

“ದಿಶಾ ಊಟ ಮಾಡಿದಳಾ? ಬಂಗುಡೆಯ ಮುಳ್ಳು ತೆಗೆದು ಕೊಡಬೇಕು ಅವಳಿಗೆ. ಲತೀಶ್‌ಗೆ ಅದೆಲ್ಲ ಗೊತ್ತಾಗುವುದಿಲ್ಲ.”

“ಕೇಳ್ರಿ ಇಲ್ಲಿ” ಎಂದು ಗುರಮ್ಮ ನಕ್ಕರು. “ಮದವೀನs ಆಗಿಲ್ಲ. ದಿನಾ ಆ ಹುಡುಗೀ ಹೆಸರ ಹಿಡದು ಅಳತಾರ.”

ನಾನು ಆ ಮನೆಯಲ್ಲಿ ನನ್ನ ಮಗಳ ಹೆಸರು ಹೇಳಿಲ್ಲ. ಗಂಡನ ಹೆಸರೂ ಹೇಳಿಲ್ಲ. ಚಪ್ಪಲಿ ಮೆಟ್ಟಿದ್ದೂ ನೆನಪಿಲ್ಲ, ಸ್ಟೇಷನ್ನಿಗೆ ಓಡಿದೆ. ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತು, ಸಂಕ್ರಾಂತಿಯ ನಂತರದ ಆ ರವಿವಾರ ನಾನೆಲ್ಲಿದ್ದೆ ಎಂದು ಎಣಿಸಿದೆ. ಭಿವಂಡಿಯಲ್ಲಿದ್ದೆ. ಸೈದಪ್ಪನವರಿಗೆ ಹೌದು ಎಂದಿದ್ದೆ.

ಇನ್ನು ಒಂದಕ್ಷರ ಬರೆಯುವುದಿಲ್ಲ.

ಮಾರ್ಚ್ ೧೦, ಸೋಮವಾರ

ಭುಜಂಗ ಸರ್‌ಗೆ ಹೇಳಿದೆ, ನನ್ನಿಂದಾಗದು ಎಂದು. ಕಾರಣ ಹೇಳಲು ಹೋಗಿ ನಾಲಿಗೆ ತೊದಲಿತು. ಅವರು ಬರುವವರ ಪಟ್ಟಿಯನ್ನು ನನ್ನ ಮುಂದಿಟ್ಟರು.

“ಸೈದಪ್ಪ ಎರಡು ಟೆಂಪೋ ಮಾಡಿಸಿದ್ದಾನೆ, ಭಿವಂಡಿಯಿಂದ ಜನ ಬರ್ತಾರೆ. ಅನಸೂಯಾ ವಾಶಿಯಿಂದ ಕರಕೊಂಡು ಬರ್ತಾಳೆ. ಅವರಿಗೆಲ್ಲ ನಾನೆಂತ ಹೇಳಲಿ? ಮೇ ತಿಂಗಳಲ್ಲಿ ಈ ಗೋಡೆಯೂ ಇರುವುದಿಲ್ಲ ಟೀಚರೇ. ನೀವು ಬರೆಯದಿದ್ದರೆ ಇಲ್ಲೊಂದು ಶಾಲೆ ಇತ್ತು ಎನ್ನುವುದಕ್ಕೆ ಎಂತ ಉಂಟು?”

“ಕ್ಷಮಿಸಿ ಸರ್” ಎಂದು ಎದ್ದು ಬಂದೆ.

ಸಂಜೆ ದಿಶಾಳನ್ನು ಟ್ಯೂಷನ್ನಿಂದ ಕರೆತಂದು, ತಲೆಗೆ ಎಣ್ಣೆ ಹಚ್ಚಿ, ಅವಳು ಹುಟ್ಟಿದ ದಿನದ ಕತೆ ಹೇಳಲು ಕುಳಿತೆ. ಬಾಯಿ ತೆರೆದರೆ ಏನೂ ಇಲ್ಲ. ಯಾವ ಆಸ್ಪತ್ರೆ? ಮಳೆಯೋ ಬಿಸಿಲೋ? ಲತೀಶ್‌ನನ್ನು ಕರೆದು ಕೇಳಿದೆ. ತಮಾಷೆ ಎಂದು ಮೊದಲು ನಕ್ಕ. ನಂತರ ನಗಲಿಲ್ಲ. ನನ್ನ ಪಕ್ಕ ಕುಳಿತು ಒಂದೊಂದಾಗಿ ಹೇಳಿದ. ನಾನೂ ದಿಶಾಳೂ ಇಬ್ಬರೂ ಕತೆಯಂತೆ ಕೇಳಿದೆವು.

ಮಾರ್ಚ್ ೩೦, ಭಾನುವಾರ

ಯುಗಾದಿ. ಎಷ್ಟೋ ದಿನ ಈ ಡೈರಿಯನ್ನೂ ಮುಟ್ಟಲಿಲ್ಲ. ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಮೊನ್ನೆ ಒಗೆದ ಬಟ್ಟೆ ಮಡಚುವಾಗ ಇದ್ದಕ್ಕಿದ್ದಂತೆ ನೆನಪಾಯಿತು: ಡೊಂಬಿವಲಿಯ ಆ ನರ್ಸಿಂಗ್ ಹೋಮಿನ ಹಸಿರು ಪರದೆ, ನರ್ಸ್ ತಂದು ಎದೆಯ ಮೇಲೆ ಮಲಗಿಸಿದ ಬೆಚ್ಚನೆಯ ಮುದ್ದೆ, ಅವಳ ನೆತ್ತಿಯ ವಾಸನೆ. ಬಟ್ಟೆಯಲ್ಲಿ ಮುಖ ಹುದುಗಿಸಿಕೊಂಡು ಅತ್ತೆ. ಇವತ್ತು ಲತೀಶ್ ಜೊತೆ ತುಳುವಿನಲ್ಲೇ ಜಗಳವಾಡಿದೆ, ಪಾಯಸಕ್ಕೆ ಬೆಲ್ಲ ಹೆಚ್ಚಾಯಿತೆಂದು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಹೌದು ಹೆಚ್ಚಾಗಿದೆ, ಇನ್ನೂ ಸ್ವಲ್ಪ ಬೈ ಎಂದ.

ಏಪ್ರಿಲ್ ೪, ಶುಕ್ರವಾರ

ಇವತ್ತು ಕೊನೆಯ ಪೀರಿಯಡ್‌ನಲ್ಲಿ ಮಕ್ಕಳೆಲ್ಲ ಮೇಜಿನ ಸುತ್ತ ಬಂದು ನಿಂತರು. ಮರಾಠಿ ಶಾಲೆಯಲ್ಲಿ ನಮ್ಮನ್ನು ಯಾವ ತರಗತಿಗೆ ಕೂರಿಸುತ್ತಾರೆ, ಅಲ್ಲಿ ಬೈದರೆ ಯಾವ ಭಾಷೆಯಲ್ಲಿ ಬೈಯುತ್ತಾರೆ, ಹೀಗೆಲ್ಲ ಕೇಳಿದರು. ಆಮೇಲೆ ಒಬ್ಬಳು, “ಅಕ್ಕೋರ, ನಮ್ಮ ಹೆಸರೂ ಬರ್ತಾವೇನ್ರಿ ಪುಸ್ತಕದಾಗ?” ಎಂದಳು.

ಎಲ್ಲರ ಮುಖ ನನ್ನ ಕಡೆ. ಇವರ ಅಪ್ಪಂದಿರು ಕಟ್ಟಿದ ಯಾವ ಕಟ್ಟಡದ ಮೇಲೂ ಇವರ ಹೆಸರಿಲ್ಲ. ಬರುತ್ತದೆ ಎಂದೆ. ಬೇರೆ ಏನು ಹೇಳಲಿ?

ನೆರೆಯ ಅಧ್ಯಾಯ ಒಂದು, ಈ ಮಕ್ಕಳ ಹೆಸರು ಒಂದು. ಅಷ್ಟು ಬರೆದು ನಿಲ್ಲಿಸುತ್ತೇನೆ. ದಿಶಾಳ ಬಗ್ಗೆ ಇಲ್ಲೇ ಬರೆದಿಟ್ಟಿದ್ದೇನೆ, ಬೇಕಾದರೆ ತೆರೆದು ಓದಿಕೊಳ್ಳಬಹುದು. ಲತೀಶ್‌ಗೆ ಹೇಳಲಿಲ್ಲ.

ಏಪ್ರಿಲ್ ೬, ರವಿವಾರ

ಮುಂಜಾನೆಯಿಂದ ಬರೆದೆ. ನೀರು ಬಂದದ್ದು, ಅಟ್ಟ, ಮಗ್ಗಿ. ಹದಿಮೂರರ ಮಗ್ಗಿಗೆ ಬಂದಾಗ ಹೊಸ್ತಿಲು ಮುಳುಗಿತು. ಒಂದು ಕರು ತೇಲಿ ಬಂದು ಬಾಗಿಲಿಗೆ ಸಿಕ್ಕಿಕೊಂಡು ಒದರುತ್ತಿತ್ತು. ಮಕ್ಕಳು ಅದನ್ನು ನೋಡಬಾರದೆಂದು ನಾನು ಅಡ್ಡ ನಿಂತೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಮನೆಯವರು ಟೀ ತಂದಿಟ್ಟು ಹೋದರು. ಹುಡುಗಿ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಏನು ಬೇಕವ್ವಾ ಎಂದೆ. ಹೋದಳು.

ಏಪ್ರಿಲ್ ೧೦, ಗುರುವಾರ

ಪುಸ್ತಕ ಪ್ರೆಸ್ಸಿಗೆ ಹೋಯಿತು. ಮನಸ್ಸು ಹಗುರ. ಹಗಲೆಲ್ಲ ಸಾಲಿಯಲ್ಲೇ ಇರುತ್ತೇನೆ. ಸಂಜೆ ಹೊರಡಲು ಮನಸ್ಸಾಗುವುದಿಲ್ಲ.

ಏಪ್ರಿಲ್ ೧೩, ರವಿವಾರ

ಇಂದು ನಮ್ಮ ಸಾಲಿಯ ಕಡೆಯ ಕಾರ್ಯಕ್ರಮ ನಡೆಯಿತು. ಜಗಲಿ ಸಾಲದೆ ಮಂದಿ ರಸ್ತೆಯಲ್ಲಿ ನಿಂತರು. ಸೈದಪ್ಪ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. ಅನಸೂಯಾ ಮುಂದಿನ ಸಾಲಿನಲ್ಲಿ ಕುಳಿತು ಮೊದಲ ಪುಟದಿಂದಲೇ ಅಳಲು ಶುರು ಮಾಡಿದಳು. ಆಕೆ ಆಗಲೂ ಹಾಗೆಯೇ. ಭುಜಂಗ ಮಾಸ್ತರರು ನಾಲ್ಕು ಮಾತಾಡಿ ನನ್ನನ್ನು ಕರೆದರು. ನಾನು ಓದಿದೆ. ಓದುತ್ತ ಪುಸ್ತಕ ಮುಚ್ಚಿದೆ, ಅದರ ಅಗತ್ಯವೇ ಬೀಳಲಿಲ್ಲ. ಕಡೆಗೆ ಹಾಜರಿ ಕರೆದೆ, ಹುಲ್ಲಿನ ಗೋದಾಮಿನ ಕಾಲದಿಂದ ಈ ವರ್ಷದ ಮಕ್ಕಳ ತನಕ. ಇದ್ದವರು ಹಾಜರ್ ಎಂದರು. ಸತ್ತವರ ಹೆಸರಿಗೂ ಯಾರಾದರೊಬ್ಬರು ಎದ್ದು ಹಾಜರ್ ಎಂದರು. ಕೆಲವು ಹೆಸರಿಗೆ ಯಾರೂ ಎದ್ದಂತೆ ಕಾಣಲಿಲ್ಲ, ಆದರೂ ಉತ್ತರ ಬಂತು. ಗೋಡೆ ಬೆಚ್ಚಗಿತ್ತು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನೋಡಿದೆ, ಬಾಗಿಲ ಬಳಿ ಒಬ್ಬ ಗಂಡಸು ಹುಡುಗಿಯೊಬ್ಬಳ ಕೈ ಹಿಡಿದು ನಿಂತಿದ್ದ. ಹುಡುಗಿ ಎಂಟರ ಆಸುಪಾಸಿನವಳು, ಚೆಲುವೆ. ಅವಳ ಹೆಸರನ್ನು ನಾನು ಕರೆದಿರಲಿಲ್ಲ, ಅದಕ್ಕೇ ಮುಖ ಬಾಡಿತ್ತೋ ಏನೋ. ಹತ್ತಿರ ಹೋಗಿ, “ಯಾರ ಮಗಳವ್ವಾ ನೀ? ಯಾವ ಇಯತ್ತೆ?” ಎಂದೆ.

ಹುಡುಗಿ ಒಮ್ಮೆ ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಪಾಠ ಒಪ್ಪಿಸುವವಳಂತೆ, ತಡೆತಡೆದು, “ಅಮ್ಮಾ, ಇಲ್ಲಡೆ ಪೋಯಿ” ಎಂದಳು.

ನನಗೆ ತಿಳಿಯಲಿಲ್ಲ. ಆ ಕಡೆಯ ಹೋಟೆಲಿನವರ ಮಕ್ಕಳು ಆಡುವ ಮಾತಿರಬೇಕು.

“ಏನಂತಾಳ್ರಿ?” ಎಂದು ಅಪ್ಪನನ್ನು ಕೇಳಿದೆ.

ಅವನು ಕಣ್ಣೊರೆಸಿಕೊಂಡ. “ಮನೆಗೆ ಹೋಗೋಣ ಅಂತಿದ್ದಾಳೆ” ಎಂದ. “ನಿನ್ನೆಯಿಂದ ಹೇಳಿಕೊಟ್ಟಿದ್ದೇನೆ. ತುಳುವಿನಲ್ಲಿ ಹೇಳಿದರೆ ಬರುತ್ತೀ ಅಂದುಕೊಂಡೆ.”

ನನ್ನೊಡನೆ ಏಕವಚನದಲ್ಲಿ ಮಾತಾಡಿದ್ದು ಸರಿಬರಲಿಲ್ಲ, ಆದರೆ ಆ ಸ್ಥಿತಿಯಲ್ಲಿ ಏನೆನ್ನುವುದು. ಹುಡುಗಿ ನನ್ನ ಸೊಂಟ ತಬ್ಬಿಕೊಂಡು ಬಿಕ್ಕತೊಡಗಿದಳು. ಬಿಡಿಸಿದರೆ ಬಿಡಲೊಲ್ಲಳು. ಅನಸೂಯಾ ಓಡಿ ಬಂದವಳು ನನ್ನನ್ನೂ ಆ ಹುಡುಗಿಯನ್ನೂ ನೋಡಿ ಅಲ್ಲೇ ನಿಂತಳು. “ನಾನs... ನಾವs ಅಕ್ಕೋರ ಅಕ್ಕೋರ ಅಂದು ಮಾಡಿದ್ವಿ ಇದನ್ನ” ಎಂದಳು. ಏನು ಮಾಡಿದರೋ. ನಾನು ಬಹಳ ದಣಿದಿದ್ದೆ. ಅತ್ತು ಅತ್ತು ಈ ಹುಡುಗಿಗೆ ಜ್ವರ ಬಂದೀತು, ಮನೆತನಕ ಬಿಟ್ಟು ಬರುತ್ತೇನೆ ಎಂದು ಹೇಳಿ ಅವರೊಂದಿಗೆ ಹೊರಟೆ.

ಈಗ ಅವರ ಮನೆಯಲ್ಲೇ ಕುಳಿತು ಬರೆಯುತ್ತಿದ್ದೇನೆ. ಡೊಂಬಿವಲಿಯಲ್ಲಿ ಮೂರನೇ ಮಾಳಿಗೆ, ಅಚ್ಚುಕಟ್ಟು ಮನೆ. ಒಳಗೆ ಬಂದಾಗ ಕತ್ತಲೆನ್ನಿಸಿ ಕೈ ಚಾಚಿದೆ, ಸ್ವಿಚ್ ಅಲ್ಲೇ ಇತ್ತು. ಎಲ್ಲ ಮನೆಗಳಲ್ಲೂ ಅಲ್ಲೇ ಇರುತ್ತದೆ. ಆ ಗೃಹಸ್ಥ ಚಹಾ ಮಾಡಿ ಕೊಟ್ಟು, ಸಕ್ಕರೆ ಸರಿಯಿದೆಯೇ ಎಂದು ಕೇಳದೆ ನನ್ನೆದುರು ಕುಳಿತಿದ್ದಾನೆ. ಹುಡುಗಿಗೆ ಕನ್ನಡ ಅಕ್ಷರ ಬಾರದೆಂದು ತಿಳಿದು ಹಲಗೆ ಇಲ್ಲದ್ದಕ್ಕೆ ಒಂದು ಕಾಗದದ ಮೇಲೆ ಅ ಆ ಬರೆದುಕೊಟ್ಟೆ. ಕೈ ಹಿಡಿದು ತಿದ್ದಿಸಿದೆ. ಜಾಣೆ, ಬೇಗ ಹಿಡಿಯುತ್ತಾಳೆ. ಎರಡು ಅಕ್ಷರ ಬರೆದು ತಲೆ ಎತ್ತಿ ನನ್ನನ್ನು ನೋಡುತ್ತಾಳೆ, ಮತ್ತೆ ಬರೆಯುತ್ತಾಳೆ.

ನಾಳೆ ಮತ್ತೆ ಬರುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಳು. ಇಂದು ಇಲ್ಲೇ ಇರಿ ಎಂದು ಅವಳ ಅಪ್ಪ ಹೇಳಿದ. ಸಾಲಿಯೂ ಮುಗಿಯಿತು, ಎಲ್ಲಿಗೆ ಹೋಗಬೇಕೆಂದು ನನಗೂ ಹೊಳೆಯುತ್ತಿಲ್ಲ. ಆಗಲಿ ಎಂದೆ.

ಇಷ್ಟು ಸಣ್ಣ ಹುಡುಗಿಯನ್ನು ಬಿಟ್ಟು ಅವಳ ತಾಯಿ ಎಲ್ಲಿ ಹೋಗಿದ್ದಾಳೆಂದು ಕೇಳಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿ, ಹುಡುಗಿಯ ಕಾಗದದ ಮೇಲೆ ಮುಂದಿನ ಅಕ್ಷರ ಬರೆದೆ.